ಕ್ವಿಂಟಲ್ ಏರಿತು, ಜಿಂಕ್ ಇಳಿಯಿತು

ಒಂದು ಕಿಲೋ ಗೋಧಿ ತಗೊಳ್ಳಿ. ಹೆಚ್ಚೂಕಮ್ಮಿ ಇಪ್ಪತ್ತೈದು ಸಾವಿರ ಕಾಳು. ಅಷ್ಟೂ ಕಾಳಿನಲ್ಲಿರುವ ಜಿಂಕ್ ಅನ್ನು ಹೇಗೋ ಹಿಂಡಿ ತೆಗೆದು ತಕ್ಕಡಿಗೆ ಹಾಕಿದರೆ ಎಷ್ಟು ತೂಗೀತು? ಸುಮಾರು 30 ಮಿಲಿಗ್ರಾಂ. ಅಂದರೆ ಒಂದೂವರೆ ಅಕ್ಕಿಕಾಳಿನ ತೂಕ. ಕಬ್ಬಿಣ ಇದಕ್ಕಿಂತ ಚೂರು ಜಾಸ್ತಿ, ಎರಡು ಅಕ್ಕಿಕಾಳಿನಷ್ಟು. ತಳಿ ವಿಜ್ಞಾನಿಗಳು ಇದನ್ನು ಪಿಪಿಎಂ ಲೆಕ್ಕದಲ್ಲಿ ಹೇಳುತ್ತಾರೆ. ಕಿಲೋಗೆ ಎಷ್ಟು ಮಿಲಿಗ್ರಾಂ ಅಂತ ಅಷ್ಟೇ. ಈ 30ನ್ನು 40 ಮಾಡೋದು ಹೇಗೆ, ಅಂದರೆ ಕಿಲೋಗೆ ಅರ್ಧ ಅಕ್ಕಿಕಾಳಿನ ತೂಕ ಕೂಡಿಸೋದು ಹೇಗೆ ಅಂತ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಇಪ್ಪತ್ತು ವರ್ಷದಿಂದ ತಲೆ ಕೆಡಿಸಿಕೊಂಡಿವೆ.

ಇಂಥ ಚಿಲ್ಲರೆ ಲೆಕ್ಕಕ್ಕೆ ಇಷ್ಟು ಗಲಾಟೆ ಯಾಕೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8. ಇದಕ್ಕೆ ಕಬ್ಬಿಣದ ಕೊರತೆಯೊಂದೇ ಕಾರಣ ಅಲ್ಲ, ನಿಜ. ಆದರೆ ದೊಡ್ಡ ಪಾಲು ಅದರದ್ದೇ. ಮಾಂಸ, ಮೊಟ್ಟೆ, ಸೊಪ್ಪು ದಿನಾ ಸಿಗದ ಮನೆಯಲ್ಲಿ ಹೊಟ್ಟೆ ತುಂಬಿಸೋದು ಅನ್ನ, ರೊಟ್ಟಿ, ಮುದ್ದೆ. ಹಾಗಿರುವಾಗ ಕಾಳಿನಲ್ಲಿ ಏನಿದೆ, ಏನಿಲ್ಲ ಅನ್ನೋದು ಚಿಲ್ಲರೆ ಮಾತಲ್ಲ.

"ಮೊದಲಿನ ಕಾಳಲ್ಲಿ ಇದ್ದ ಸತ್ವ ಈಗಿಲ್ಲ" ಅನ್ನೋ ಮಾತನ್ನು ನಾವೆಲ್ಲ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ನಾನು ಬಹಳ ದಿನ ಇದನ್ನು ಹಳೆಯದೆಲ್ಲ ಚಂದ ಅನ್ನೋ ಗೊಣಗಾಟ ಅಂದುಕೊಂಡಿದ್ದೆ. ಈ ಒಂದು ವಿಷಯದಲ್ಲಿ ಅವರು ಹೇಳಿದ್ದು ಸರಿ. ಕಾರಣ ಮಾತ್ರ, ಅವರು ಅಂದುಕೊಂಡ ಹಾಗೆ, ಮಣ್ಣಿನ ಸತ್ವ ಹೋದದ್ದಲ್ಲ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಅಂತ ಒಂದು ಹೊಲ ಇದೆ. 1843ರಿಂದ ಅಲ್ಲಿ ಗೋಧಿ ಬೆಳೆಯುತ್ತಲೇ ಇದ್ದಾರೆ. ಬರೀ ಬೆಳೆಯೋದಲ್ಲ, ಆಯಾ ವರ್ಷದ ಕಾಳು, ಹುಲ್ಲು, ಮಣ್ಣಿನ ಮಾದರಿ ತೆಗೆದು ಜೋಪಾನವಾಗಿ ಇಟ್ಟಿದ್ದಾರೆ. 2008ರಲ್ಲಿ ವಿಜ್ಞಾನಿಗಳು ಆ ಹಳೇ ಕಾಳುಗಳನ್ನು ತೆಗೆದು ಅಳೆದರು. 1845ರಿಂದ 1960ರ ದಶಕದ ನಡುವಿನವರೆಗೆ ಜಿಂಕ್, ಕಬ್ಬಿಣ, ತಾಮ್ರ, ಮೆಗ್ನೀಷಿಯಂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು. ಆಮೇಲೆ ಇಳಿಯಲು ಶುರುವಾಯಿತು. ಮಣ್ಣಿನಲ್ಲಿ ಆ ಖನಿಜಗಳೇನೂ ಕಮ್ಮಿಯಾಗಿರಲಿಲ್ಲ. ಬದಲಾದದ್ದು ಬೀಜ. ಗಿಡ್ಡ ಕಾಂಡದ, ಹೆಚ್ಚು ಇಳುವರಿಯ ತಳಿಗಳು ಆ ಹೊಲಕ್ಕೆ ಬಂದದ್ದು ಅದೇ ಹೊತ್ತಿಗೆ.

ನಮ್ಮ ದೇಶದ ಲೆಕ್ಕವೂ ಇದೆ. ಪಶ್ಚಿಮ ಬಂಗಾಳದ ಬಿಧಾನ್ ಚಂದ್ರ ಕೃಷಿ ವಿಶ್ವವಿದ್ಯಾಲಯ ಮತ್ತು ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತು ಐಸಿಎಆರ್‌ನ ವಿಜ್ಞಾನಿಗಳು ಬೇರೆ ಬೇರೆ ದಶಕಗಳಲ್ಲಿ ಬಿಡುಗಡೆಯಾದ ಭತ್ತ, ಗೋಧಿ ತಳಿಗಳ ಬೀಜ ತರಿಸಿ, ಒಂದೇ ಕಡೆ, ಒಂದೇ ಥರದ ಮಣ್ಣಿನಲ್ಲಿ ಬೆಳೆದು ನೋಡಿದರು. 1960ರ ದಶಕದ ಗೋಧಿಯಲ್ಲಿ 33.3 ಪಿಪಿಎಂ ಜಿಂಕ್ ಇದ್ದರೆ 2010ರ ದಶಕದ ತಳಿಗಳಲ್ಲಿ 23.5. ಕಬ್ಬಿಣ 57.6ರಿಂದ 46.4ಕ್ಕೆ. ಭತ್ತದಲ್ಲಿ ಜಿಂಕ್ 27.1ರಿಂದ 2000ದ ದಶಕದ ಹೊತ್ತಿಗೆ 20.6ಕ್ಕೆ. ಮಣ್ಣು ಒಂದೇ, ಆರೈಕೆ ಒಂದೇ. ಹಾಗಾಗಿ ಈ ಇಳಿಕೆಯನ್ನು ಮಣ್ಣಿನ ಮೇಲೆ ಹಾಕೋಕೆ ಬರಲ್ಲ. ಇದು ಬೀಜದೊಳಗಿನ ಕಥೆ.

ಹಾಗಂತ ಮಣ್ಣಿಗೆ ಪಾತ್ರವೇ ಇಲ್ಲ ಅಂತಲ್ಲ. ಭತ್ತದ ಎಲೆ ತುಕ್ಕು ಬಣ್ಣಕ್ಕೆ ತಿರುಗುವ ಖೈರಾ ರೋಗಕ್ಕೆ ಜಿಂಕ್ ಕೊರತೆಯೇ ಕಾರಣ ಅಂತ 1966ರಲ್ಲಿ ಪಂತ್‌ನಗರದಲ್ಲಿ ಕಂಡುಹಿಡಿದವರು ವೈ.ಎಲ್. ನೆನೆ. ಕರ್ನಾಟಕದಲ್ಲಿ 2009ರಲ್ಲಿ ಶುರುವಾದ ಭೂಚೇತನ ಯೋಜನೆ ಜಿಂಕ್, ಬೋರಾನ್, ಗಂಧಕವನ್ನು ರೈತರ ಕೈಗೆ ಕೊಟ್ಟದ್ದೂ ಮಣ್ಣು ಪರೀಕ್ಷೆಯಲ್ಲಿ ಅವುಗಳ ಕೊರತೆ ಕಂಡದ್ದರಿಂದಲೇ. ಆದರೆ ಮಣ್ಣಿನಲ್ಲಿ ಇರೋದು ಬೇರೆ, ಕಾಳಿಗೆ ಬರೋದು ಬೇರೆ. ಕೋಲಾರದ ಹೊಲ ಕೆಂಪಗಿರೋದೇ ಕಬ್ಬಿಣದಿಂದ. ಕಾಲಿಗೆ ಮೆತ್ತಿಕೊಳ್ಳುವ ಆ ಕೆಂಪು, ಒಂದು ಲೆಕ್ಕದಲ್ಲಿ ತುಕ್ಕು. ಗಿಡ ಕಬ್ಬಿಣದ ಮೇಲೇ ನಿಂತಿರುತ್ತದೆ, ಆದರೂ ಕುಡಿಯೋಕೆ ಸಿಗಲ್ಲ. ನೀರಿನಲ್ಲಿ ಕರಗದ ರೂಪದಲ್ಲಿ ಅದು ಗಟ್ಟಿಯಾಗಿ ಕೂತಿರುತ್ತದೆ. ಸುಣ್ಣದಂಶ ಜಾಸ್ತಿ ಇರುವ ಕಪ್ಪು ನೆಲದಲ್ಲಂತೂ ಇನ್ನೂ ಕಷ್ಟ.

ಇಲ್ಲಿಂದ ಮುಂದಕ್ಕೆ ಒಂದು ಕಣ ಕಬ್ಬಿಣ ಮಣ್ಣಿನಿಂದ ಕಾಳಿಗೆ ಹೋಗುವ ದಾರಿ ಹಿಡಿದು ನಡೆಯೋಣ. ದಾರಿಯಲ್ಲಿ ಮೂರು ಗೇಟು. ಮೂರಕ್ಕೂ ಬೇರೆ ಬೇರೆ ಜೀನುಗಳ ಕಾವಲು.

ಮೊದಲನೆಯದು ಬೇರು. ಭತ್ತ, ಗೋಧಿ, ಜೋಳ, ಬಾರ್ಲಿ ಎಲ್ಲವೂ ಹುಲ್ಲಿನ ಜಾತಿ. ಕಬ್ಬಿಣಕ್ಕಾಗಿ ಹುಲ್ಲಿನ ಜಾತಿ ಒಂದು ಉಪಾಯ ಮಾಡುತ್ತದೆ. ಬೇರಿನಿಂದ ಮ್ಯೂಜಿನಿಕ್ ಆಮ್ಲ ಎಂಬ ಒಂದು ರಸ ಬಿಡುತ್ತದೆ. ಅದು ಗಾಳ ಇದ್ದ ಹಾಗೆ. ಹೊರಗೆ ಹೋಗಿ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ, ಬೇರು ಗಾಳವನ್ನೂ ಕಬ್ಬಿಣವನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ. 1970ರ ದಶಕದಲ್ಲಿ ಜಪಾನಿನ ಟಕಾಗಿ ಎಂಬ ವಿಜ್ಞಾನಿ ಬೇರು ತೊಳೆದ ನೀರಿನಲ್ಲಿ ಇದನ್ನು ಹಿಡಿದರು. ಬಾರ್ಲಿಯಂತೂ ಈ ರಸವನ್ನು ಇಡೀ ದಿನ ಬಿಡಲ್ಲ. ಬೆಳಿಗ್ಗೆ ಬೆಳಕಾದ ಮೇಲೆ ಕೆಲವು ಗಂಟೆ ಮಾತ್ರ. ಹೊತ್ತು ನೋಡಿ ಗಾಳ ಹಾಕುವ ಬೇರು! ಗಾಳ ತಯಾರಿಸೋಕೆ ಒಂದಷ್ಟು ಜೀನು, ಎಳೆದುಕೊಳ್ಳೋಕೆ ಇನ್ನೊಂದಷ್ಟು. ಎಳೆದುಕೊಳ್ಳುವ ಜೀನು ಕೆಟ್ಟ ಮೆಕ್ಕೆಜೋಳದ ಎಲೆಯಲ್ಲಿ ಹಳದಿ ಗೆರೆ ಬೀಳುತ್ತದೆ. ಆ ಗಿಡಗಳ ಪರಿಚಯ 1920ರ ದಶಕದಿಂದಲೇ ಇತ್ತು. ಜೀನು ಸಿಕ್ಕಿದ್ದು 2001ರಲ್ಲಿ.

ಎರಡನೆಯ ಗೇಟಿನ ಕಥೆ ನನಗೆ ತುಂಬಾ ಇಷ್ಟ. ಬೇರಿನಿಂದ ಬಂದದ್ದರಲ್ಲಿ ಬಹಳಷ್ಟು ಮೊದಲು ಎಲೆಯಲ್ಲಿ ಸೇರಿಕೊಳ್ಳುತ್ತದೆ. ಕಾಳು ಕಟ್ಟುವಾಗ ಎಲೆ ಹಣ್ಣಾಗುತ್ತಾ ತನ್ನೊಳಗಿನ ಸಾರಜನಕ, ಕಬ್ಬಿಣ, ಜಿಂಕ್ ಎಲ್ಲವನ್ನೂ ಕಾಳಿಗೆ ಬಿಟ್ಟುಕೊಡಬೇಕು. ಯಾವಾಗ ಬಿಟ್ಟುಕೊಡಬೇಕು ಅಂತ ಹೇಳುವ ಒಂದು ಜೀನು ಗೋಧಿಯ 6ಬಿ ಕ್ರೋಮೋಸೋಮಿನಲ್ಲಿದೆ. ಹೆಸರು ನ್ಯಾಮ್-ಬಿ1. 2006ರಲ್ಲಿ ಕ್ರಿಸ್ಟೋಬಲ್ ವಾವಿ, ಹೋರ್ಹೆ ಡುಬ್ಕೋವ್‌ಸ್ಕಿ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ತೋರಿಸಿದರು. ಸಿಕ್ಕಿದ್ದು ಕಾಡು ಎಮ್ಮರ್ ಗೋಧಿಯಲ್ಲಿ. ನಾವು ಈಗ ತಿನ್ನುವ ಬಹುತೇಕ ಗೋಧಿಯಲ್ಲಿ ಈ ಜೀನು ಒಂದೋ ಕೆಟ್ಟಿದೆ, ಇಲ್ಲಾ ಕಳೆದೇ ಹೋಗಿದೆ. ಕೆಟ್ಟದ್ದು ಅಂದರೆ ಎಷ್ಟು? ಡಿಎನ್‌ಎಯ ಉದ್ದ ಸಾಲಿನಲ್ಲಿ ಒಂದೇ ಒಂದು ಅಕ್ಷರ ಜಾಸ್ತಿ ಸೇರಿದೆ. ಅಷ್ಟಕ್ಕೇ ಮುಂದಿನ ಓದೆಲ್ಲ ತಪ್ಪಿ, ಜೀನು ಕೆಲಸಕ್ಕೆ ಬಾರದಾಗಿದೆ. ಈ ಗುಂಪಿನ ಜೀನುಗಳ ಬಾಯಿ ಕಟ್ಟಿ ನೋಡಿದಾಗ ಎಲೆ ಹಣ್ಣಾಗೋದು ಮೂರು ವಾರಕ್ಕೂ ಹೆಚ್ಚು ತಡವಾಯಿತು. ಕಾಳಿನ ಪ್ರೋಟೀನು, ಜಿಂಕ್, ಕಬ್ಬಿಣ ಶೇ. 30ಕ್ಕೂ ಹೆಚ್ಚು ಇಳಿಯಿತು.

ಇಂಥ ಒಳ್ಳೆ ಜೀನನ್ನು ರೈತರು ಯಾಕೆ ಕಳೆದುಕೊಂಡರು? ಬೇಕಂತ ಬಿಟ್ಟದ್ದಲ್ಲ. ಎಲೆ ಹೆಚ್ಚು ದಿನ ಹಸಿರಾಗಿದ್ದರೆ ಕಾಳು ಹೆಚ್ಚು ದಿನ ಪಿಷ್ಟ ತುಂಬಿಕೊಂಡು ದಪ್ಪಗಾಗುತ್ತದೆ. ದಪ್ಪ ಕಾಳನ್ನು ಬಿತ್ತನೆಗೆ ಎತ್ತಿಡೋದು ಸಹಜ ಅಲ್ವಾ? ಹಾಗೆ ವರ್ಷಾ ವರ್ಷ ಆರಿಸುತ್ತಾ ಹೋದಂತೆ ಕೆಟ್ಟ ಜೀನೇ ಉಳಿದುಕೊಂಡಿರಬೇಕು. ಇದಕ್ಕೊಂದು ಸೊಗಸಾದ ಸಾಕ್ಷಿ ಉತ್ತರ ಯುರೋಪಿನಲ್ಲಿದೆ. 1862ರ ಲಂಡನ್ ವಸ್ತುಪ್ರದರ್ಶನಕ್ಕೆ ಬಂದಿದ್ದ ಗೋಧಿ ಮಾದರಿಗಳನ್ನು ಪರೀಕ್ಷಿಸಿದಾಗ, ಸ್ವೀಡನ್, ಫಿನ್ಲೆಂಡ್ ಕಡೆಯ ಕೆಲವು ಹಳೆ ತಳಿಗಳಲ್ಲಿ ಈ ಜೀನು ಸರಿಯಾಗಿಯೇ ಇದ್ದದ್ದು ಕಂಡಿತು. ಅಲ್ಲಿ ಬೇಸಿಗೆ ಚಿಕ್ಕದು. ಕಾಳು ದಪ್ಪ ಆಗಲಿ ಅಂತ ಕಾಯುತ್ತಾ ಕೂತರೆ ಚಳಿ ಬಂದುಬಿಡುತ್ತದೆ. ಬೇಗ ಮಾಗುವ ತಳಿಯೇ ಬೇಕು. ಹಾಗಾಗಿ ಜೀನು ಬಚಾವಾಯಿತು.

ಉತ್ತರ ಕರ್ನಾಟಕದವರಿಗೆ ಎಮ್ಮರ್ ಹೊಸದಲ್ಲ. ನಾವು ಖಪ್ಲಿ ಅಥವಾ ಸದಕ ಅಂತ ಕರೆಯೋದು ಇದೇ ಎಮ್ಮರ್‌ನ ಸಾಗುವಳಿ ಗೋಧಿಯನ್ನು. ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆ ಹುಗ್ಗಿ, ಮಾದಲಿ ಅಂದರೆ ಈಗಲೂ ಇದನ್ನೇ ಕೇಳುವವರಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಗಿಡ್ಡ ತಳಿಗಳನ್ನೂ ಬಿಡುಗಡೆ ಮಾಡಿದೆ. ಆ 2006ರ ಅಧ್ಯಯನದಲ್ಲಿ ಪರೀಕ್ಷಿಸಿದ ಸಾಗುವಳಿ ಎಮ್ಮರ್ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿ ಜೀನು ಗಟ್ಟಿಯಾಗಿಯೇ ಇತ್ತು. ಆದರೆ ಖಪ್ಲಿ ಪ್ಯಾಕೆಟ್ ಮಾರುವವರು ಇಷ್ಟಕ್ಕೇ ಕುಣಿಯಬೇಕಾಗಿಲ್ಲ. ಯಾವ ತಳಿ, ಯಾವ ಹೊಲ, ಕಾಳು ಎಷ್ಟು ದಪ್ಪ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ. ಒಂದು ಜೀನು ಇದ್ದ ಮಾತ್ರಕ್ಕೆ ದುಪ್ಪಟ್ಟು ಬೆಲೆ ಕೇಳೋದು ನ್ಯಾಯವಲ್ಲ.

ಯಾಕೆಂದರೆ ಇದು ಒಂದು ಜೀನಿನ ಆಟವೇ ಅಲ್ಲ. ಕಾಳಿನ ಜಿಂಕ್ ಮೇಲೆ ಹತ್ತಾರು ಜೀನುಗಳ ಕೈ ಇದೆ. ಒಂದೊಂದೂ ಸ್ವಲ್ಪ ಸ್ವಲ್ಪ ಏರಿಸುತ್ತದೆ, ಇಳಿಸುತ್ತದೆ. ಸಮಾಧಾನದ ವಿಷಯ ಏನೆಂದರೆ ಜಿಂಕ್ ಮತ್ತು ಕಬ್ಬಿಣ ಸಾಮಾನ್ಯವಾಗಿ ಜೊತೆಜೊತೆಯಾಗಿ ಏರುತ್ತವೆ. ಒಂದಕ್ಕೆ ಆರಿಸಿದರೆ ಇನ್ನೊಂದು ಕೊಸರಿನ ಹಾಗೆ ಬರುತ್ತದೆ. ಬೇಸರದ ವಿಷಯ ಏನೆಂದರೆ ಈ ದಾರಿಯಲ್ಲೇ ಕ್ಯಾಡ್ಮಿಯಂನಂಥ ವಿಷವೂ ನುಸುಳುತ್ತದೆ. ಭತ್ತದ ಬೇರಿನಲ್ಲಿ ಮ್ಯಾಂಗನೀಸ್ ಒಳಬಿಡುವ ಬಾಗಿಲೇ ಕ್ಯಾಡ್ಮಿಯಂಗೂ ಬಾಗಿಲು. ಬಾಗಿಲು ಅಗಲ ಮಾಡುವ ಮುಂಚೆ ಯಾರು ಯಾರು ಬರುತ್ತಾರೆ ಅಂತ ನೋಡಿಕೊಳ್ಳಲೇಬೇಕು.

ಮೂರನೆಯ ಗೇಟು ಕಾಳಿನೊಳಗೇ ಇದೆ. ಗೋಧಿ ಕಾಳನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಕಬ್ಬಿಣ ಸಿಕ್ಕಲ್ಲಿ ನೀಲಿಯಾಗುವ ಒಂದು ದ್ರಾವಣದಲ್ಲಿ ಅದ್ದುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಲೆನ್ಸ್ ಹಿಡಿದು ನೋಡಿದರೆ ಮೊಳಕೆ ಬರುವ ಮೂತಿ ಕಡು ನೀಲಿ. ಸಿಪ್ಪೆಯ ಕೆಳಗೆ ಸುತ್ತಲೂ ದಾರ ಎಳೆದ ಹಾಗೆ ಒಂದು ನೀಲಿ ಗೆರೆ. ನಡುವಿನ ಹಿಟ್ಟಿನ ಭಾಗ ಬೆಳ್ಳಗೆ ಹಾಗೇ ಇರುತ್ತದೆ. ಮೈದಾ ಅಂದರೆ ಆ ಬಿಳಿ ಭಾಗ. ಗಿರಣಿಯಿಂದ ತಂದ ಹಿಟ್ಟನ್ನು ನಯ ಜರಡಿ ಹಿಡಿದಾಗ ಜರಡಿಯಲ್ಲಿ ಉಳಿಯುವುದರಲ್ಲಿ ಆ ನೀಲಿ ಗೆರೆ ಇರುತ್ತದೆ. ನಮ್ಮ ಮನೆಯಲ್ಲಿ ಅದು ನೇರ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಎಮ್ಮೆ ಗಟ್ಟಿಮುಟ್ಟಾಗಿತ್ತು ಬಿಡಿ.

ಭತ್ತದ ಸಮಸ್ಯೆಯೂ ಇದೇ, ಇನ್ನೂ ಜೋರಾಗಿ. ಪಾಲಿಶ್ ಮಾಡಿದರೆ ಕಬ್ಬಿಣ ತೌಡಿನ ಜೊತೆ ಹೋಗುತ್ತದೆ, ಉಳಿಯೋದು ಕಿಲೋಗೆ ಕೆಲವೇ ಮಿಲಿಗ್ರಾಂ. ಜಿಂಕ್ ಹಾಗಲ್ಲ, ಅದು ಒಳಗಿನ ಬಿಳಿ ಭಾಗಕ್ಕೂ ಸ್ವಲ್ಪ ಹೋಗುತ್ತದೆ. ಅದಕ್ಕೇ ಸಾಮಾನ್ಯ ಸಂಕರದಿಂದಲೇ ಜಿಂಕ್ ಅಕ್ಕಿ ಬಂದಿದೆ. ಬಾಂಗ್ಲಾದೇಶದ ಬ್ರಿ ಧಾನ್ 62 ಬಂದದ್ದು 2013ರಲ್ಲಿ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 45ರಲ್ಲಿ ಪಾಲಿಶ್ ಆದ ಮೇಲೂ 22 ಪಿಪಿಎಂ ದಾಟಿ ಜಿಂಕ್ ಇದೆ. ಸಾಮಾನ್ಯ ಅಕ್ಕಿಯಲ್ಲಿ 12ರ ಆಸುಪಾಸು. ಕಬ್ಬಿಣದ ಅಕ್ಕಿ ಮಾತ್ರ ಹಾಗೆ ಬರಲಿಲ್ಲ. ಇರುವ ತಳಿಗಳಲ್ಲಿ ಹುಡುಕಿದರೂ ಬೇಕಾದಷ್ಟು ವ್ಯತ್ಯಾಸವೇ ಸಿಗಲಿಲ್ಲ. ಕೊನೆಗೆ ಸೋಯಾದಲ್ಲಿ ಕಬ್ಬಿಣ ಕೂಡಿಡುವ ಫೆರಿಟಿನ್ ಜೀನನ್ನೂ ಭತ್ತದ್ದೇ ಇನ್ನೊಂದು ಜೀನನ್ನೂ ಸೇರಿಸಿದ ಮೇಲೆ, 2016ರಲ್ಲಿ ಪಾಲಿಶ್ ಅಕ್ಕಿಯಲ್ಲಿ 15 ಪಿಪಿಎಂ ಕಬ್ಬಿಣ ಕಂಡಿತು. 2017ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸೆಂಟರ್‌ನವರು ಗೋಧಿಯದ್ದೇ ಒಂದು ಜೀನನ್ನು ಒಳಭಾಗದಲ್ಲಿ ಜೋರಾಗಿ ಕೆಲಸ ಮಾಡುವಂತೆ ಮಾಡಿ ಬಿಳಿ ಹಿಟ್ಟಿನ ಕಬ್ಬಿಣವನ್ನು ದುಪ್ಪಟ್ಟು ಮಾಡಿದರು. ಇವೆಲ್ಲ ಕುಲಾಂತರಿ. ನಮ್ಮಲ್ಲಿ ಕುಲಾಂತರಿ ಆಹಾರದ ಮಾತೆತ್ತಿದರೆ 2010ರ ಬಿಟಿ ಬದನೆಯ ತಡೆ ನೆನಪಾಗುತ್ತದೆ. ಬೇರೆ ಜೀನು ಸೇರಿಸದೆ ಗಿಡದ ಡಿಎನ್‌ಎಯನ್ನೇ ತಿದ್ದುವ ಜೀನೋಮ್ ಎಡಿಟಿಂಗ್‌ಗೆ 2022ರಲ್ಲಿ ನಿಯಮ ಸಡಿಲವಾಯಿತು, 2025ರಲ್ಲಿ ಅಂಥ ಎರಡು ಭತ್ತದ ತಳಿಗಳನ್ನೂ ಪ್ರಕಟಿಸಿದರು. ಎರಡೂ ಕಬ್ಬಿಣಕ್ಕಾಗಿ ಮಾಡಿದವಲ್ಲ.

ಪಡಿತರ ಅಂಗಡಿಯ ಸಾರವರ್ಧಿತ ಅಕ್ಕಿಯ ಹಿನ್ನೆಲೆಯೂ ಇದೇ. ಜನ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಕುವ ಆ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಕಿಲೋ ಅಕ್ಕಿಗೆ ಕನಿಷ್ಠ 28 ಮಿಲಿಗ್ರಾಂ ಕಬ್ಬಿಣ ಇರಬೇಕು ಅನ್ನೋದು ಮಾನದಂಡ. ಗಿಡದ ಕೈಲಿ ಆಗದ್ದನ್ನು ಕಾರ್ಖಾನೆಯಲ್ಲಿ ಮಾಡುವ ಉಪಾಯ ಇದು. ಆರಿಸಿ ಬಿಸಾಕಿದರೆ ಮಾತ್ರ ಅದೂ ದಂಡ.

ಈಗ ಸಜ್ಜೆಗೆ ಬರೋಣ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ನಿಜವಾಗಿ ದಾರಿ ತೋರಿಸಿದ್ದು ಸಜ್ಜೆ. ಆಫ್ರಿಕಾದ ಟೋಗೋ ದೇಶದ ಉತ್ತರ ಭಾಗದಲ್ಲಿ ಇನಿಯಾಡಿ ಅಂತ ದಪ್ಪ ಕಾಳಿನ ನಾಟಿ ಸಜ್ಜೆ ಇದೆ. ಅದರಿಂದ ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು 1980ರ ದಶಕದಲ್ಲಿ ಐಸಿಟಿಪಿ 8203 ಎಂಬ ತಳಿ ಮಾಡಿದ್ದರು. ಆಗ ಯಾರೂ ಕಬ್ಬಿಣ ನೋಡಿರಲಿಲ್ಲ. ಆಮೇಲೆ ಅಳೆದಾಗ ಇದರಲ್ಲಿ ಕಬ್ಬಿಣ ಜಾಸ್ತಿ ಅಂತ ಗೊತ್ತಾಯಿತು. ಅದರೊಳಗೇ ಇನ್ನಷ್ಟು ಆರಿಸಿ ತೆಗೆದದ್ದು ಧನಶಕ್ತಿ. 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಯಿತು. ಕಬ್ಬಿಣ ಸುಮಾರು 71 ಪಿಪಿಎಂ.

ಅಳೆಯೋದೂ ಸುಲಭ ಅಲ್ಲ. ಎಕ್ಸ್‌ಆರ್‌ಎಫ್ ಎಂಬ ಯಂತ್ರದ ಪುಟ್ಟ ಬಟ್ಟಲಿಗೆ ಕಾಳು ಸುರಿದರೆ ಒಂದೆರಡು ನಿಮಿಷದಲ್ಲಿ ಪರದೆ ಮೇಲೆ ಅಂಕಿ ಬರುತ್ತದೆ. ಪುಡಿ ಮಾಡಬೇಕಿಲ್ಲ, ಆಮ್ಲದಲ್ಲಿ ಕರಗಿಸಬೇಕಿಲ್ಲ. ಆದರೆ ಕಾಳಿಗೆ ಚೂರು ಮಣ್ಣು ಮೆತ್ತಿದ್ದರೂ ಕಬ್ಬಿಣ ಆಕಾಶಕ್ಕೇರುತ್ತದೆ. ಕಣದ ಧೂಳು ಸಾಕು. ಅದಕ್ಕೆ ತೆನೆಯನ್ನು ನೆಲಕ್ಕೆ ತಾಗಿಸದೆ ಕೊಯ್ದು, ಬಟ್ಟೆಚೀಲದಲ್ಲಿ ಒಣಗಿಸಿ, ಕಬ್ಬಿಣ ತಾಗದ ಹಾಗೆ ಬಡಿಯುತ್ತಾರೆ. ಅಲ್ಯೂಮಿನಿಯಂ ಎಷ್ಟಿದೆ ಅಂತಲೂ ನೋಡುತ್ತಾರೆ. ಅದು ಮಣ್ಣಿನಲ್ಲಿ ಹೇರಳ, ಕಾಳಿನಲ್ಲಿ ಇಲ್ಲದಷ್ಟು ಕಮ್ಮಿ. ಅಲ್ಯೂಮಿನಿಯಂ ಜಾಸ್ತಿ ಕಂಡರೆ ಆ ಕಬ್ಬಿಣ ಗಿಡದ್ದಲ್ಲ, ಧೂಳಿನದ್ದು. ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ಬೆರಗಿನ ಅಂಕಿಗಳ ಹಿಂದೆ ಈ ಧೂಳು ಇರಬಹುದು ಅಂತ ನನ್ನ ಗುಮಾನಿ.

ಕಾಳಿನಲ್ಲಿದ್ದರೆ ಸಾಕೇ, ಮೈಗೆ ಹತ್ತಬೇಡವೇ? ಈ ಪ್ರಶ್ನೆಗೆ ಒಂದು ಉತ್ತರ ನಮ್ಮ ಬೆಳಗಾವಿಯಿಂದಲೇ ಬಂತು. ಅಲ್ಲಿ ಸುಮಾರು ಎರಡು ವರ್ಷದ ಮಕ್ಕಳಿಗೆ ಸಜ್ಜೆ ಹಿಟ್ಟಿನ ತಿಂಡಿ ಕೊಟ್ಟು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಜ್ಜೆ ತಿಂದ ಮಕ್ಕಳ ಮೈಗೆ ದಿನಕ್ಕೆ 0.23 ಮಿಲಿಗ್ರಾಂ ಕಬ್ಬಿಣ ಹತ್ತಿದರೆ, ಹೊಸ ಸಜ್ಜೆ ತಿಂದವರಿಗೆ 0.67. ಸುಮಾರು ಮೂರು ಪಟ್ಟು. 2015ರಲ್ಲಿ ಮಹಾರಾಷ್ಟ್ರದ 12ರಿಂದ 16 ವರ್ಷದ ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನವೂ ಪ್ರಕಟವಾಯಿತು. ನಾಲ್ಕು ತಿಂಗಳು ಈ ಸಜ್ಜೆಯ ರೊಟ್ಟಿ ತಿಂದ ಮಕ್ಕಳ ರಕ್ತದಲ್ಲಿ ಕಬ್ಬಿಣದ ದಾಸ್ತಾನು ಏರಿತ್ತು.

ಮೈಗೆ ಹತ್ತದಂತೆ ತಡೆಯೋದು ಫೈಟೇಟ್. ಕಾಳು ತನ್ನ ರಂಜಕವನ್ನು ಈ ರೂಪದಲ್ಲಿ ಕೂಡಿಡುತ್ತದೆ. ಅದು ಕಬ್ಬಿಣ, ಜಿಂಕ್ ಅನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ, ನಮ್ಮ ಕರುಳಿಗೆ ಬಿಡಿಸೋಕೆ ಆಗಲ್ಲ. ಫೈಟೇಟ್ ಕಮ್ಮಿ ಇರುವ ಮೆಕ್ಕೆಜೋಳ, ಬಾರ್ಲಿ ತಳಿಗಳನ್ನು ಮಾಡಿದ್ದಾರೆ. ಆದರೆ ಅವುಗಳಲ್ಲಿ ಎಷ್ಟೋ ತಳಿಗಳ ಮೊಳಕೆ, ಇಳುವರಿ ಎರಡೂ ಕುಂಟಿದವು. ಅಡುಗೆಮನೆಯಲ್ಲಿ ಮಾತ್ರ ಇದಕ್ಕೆ ಹಳೇ ಉಪಾಯ ಇದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸಿದಾಗ ಫೈಟೇಟ್ ಒಡೆಯುತ್ತದೆ. ಮಗುವಿಗೆ ರಾಗಿಸರಿ ಕುಡಿಸುವ ಅಜ್ಜಿಯರು ಮಾಡುತ್ತಾ ಬಂದದ್ದು ಇದನ್ನೇ.

ರಾಗಿ ಅಂದಾಗ ಒಂದು ಮಾತು ಹೇಳಲೇಬೇಕು. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕಿಯಲ್ಲಿ ಏಳೂವರೆ. ಇದರಲ್ಲಿ ತಕರಾರಿಲ್ಲ. ಆದರೆ "ರಾಗಿಯಲ್ಲಿ ಕಬ್ಬಿಣ ಇಷ್ಟು" ಅಂತ ಒಂದೇ ಅಂಕಿ ಹೇಳೋದು ಸುಮ್ನೆ ದಾರಿ ತಪ್ಪಿಸುತ್ತದೆ. ಇಕ್ರಿಸ್ಯಾಟ್‌ನ ರಾಗಿ ಸಂಗ್ರಹದ ನೂರಾರು ಮಾದರಿಗಳಲ್ಲಿ ಕಬ್ಬಿಣ ಸುಮಾರು 22ರಿಂದ 65 ಪಿಪಿಎಂವರೆಗೆ ಇದೆ. ಮೂರು ಪಟ್ಟು ವ್ಯತ್ಯಾಸ, ಎಲ್ಲವೂ ರಾಗಿಯೇ! ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಮಾಡಿದಾಗ ಗುರಿ ಇಳುವರಿ. ಹೊಟ್ಟೆ ತುಂಬಿಸಬೇಕಿದ್ದ ಕಾಲ ಅದು, ಅದೇ ಸರಿ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಎಂಎಲ್-365 ರಾಗಿಯ ಜೀನೋಮ್ ಓದಿ ಮುಗಿಸಿದರು. ಖನಿಜಗಳಿಗಾಗಿ ಆರಿಸುವ ಕೆಲಸಕ್ಕೆ ಈಗ ನಕ್ಷೆಯಾದರೂ ಕೈಯಲ್ಲಿದೆ.

ಆದರೆ ಆರಿಸುವವರಿಗೆ ಹಣ ಕೊಡುವವರು ಯಾರು? ಎಪಿಎಂಸಿಯಲ್ಲಿ ಖರೀದಿದಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ, ಹಲ್ಲಲ್ಲಿ ಕಚ್ಚಿ ತೇವ ನೋಡುತ್ತಾನೆ, ಕಸ ಕಡ್ಡಿ ನೋಡುತ್ತಾನೆ. ಜಿಂಕ್ ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ. 40 ಪಿಪಿಎಂ ಗೋಧಿಗೂ 25ರ ಗೋಧಿಗೂ ಒಂದೇ ದರ. ಹೀಗಿರುವಾಗ ಎಕರೆಗೆ ಒಂದು ಕ್ವಿಂಟಲ್ ಕಮ್ಮಿ ಬಂದರೂ ರೈತ ಆ ಬೀಜ ಮುಟ್ಟಲ್ಲ, ಮುಟ್ಟಬೇಕಾಗೂ ಇಲ್ಲ. ಕಂಪನಿಗಳಿಗೆ ಇನ್ನೊಂದು ತಲೆನೋವಿದೆ. ಇಳುವರಿಯಲ್ಲಿ ಹೈಬ್ರಿಡ್ ಮಗು ಅಪ್ಪ-ಅಮ್ಮನನ್ನು ಮೀರಿಸುತ್ತದೆ. ಕಬ್ಬಿಣದಲ್ಲಿ ಹಾಗಾಗಲ್ಲ. ಅಪ್ಪನದು 80, ಅಮ್ಮನದು 40 ಇದ್ದರೆ ಮಗುವಿನದು 60ರ ಆಸುಪಾಸೇ. ಅಂದರೆ ಅಪ್ಪ-ಅಮ್ಮ ಎರಡೂ ಕಡೆಯ ತಳಿಗಳನ್ನು ಮೊದಲಿಂದ ತಿದ್ದಬೇಕು. ವರ್ಷಗಟ್ಟಲೆ ಕೆಲಸ, ಖರ್ಚು. ಒತ್ತಾಯ ಇಲ್ಲದಿದ್ದರೆ ಯಾರು ಮಾಡುತ್ತಾರೆ?

ಆ ಒತ್ತಾಯ ಸಜ್ಜೆಗೆ 2018ರಲ್ಲಿ ಬಂತು. ಅಖಿಲ ಭಾರತ ಸಮನ್ವಯ ಯೋಜನೆಯಲ್ಲಿ ಬಿಡುಗಡೆಗೆ ಬರುವ ಸಜ್ಜೆ ತಳಿಗೆ ಕನಿಷ್ಠ 42 ಪಿಪಿಎಂ ಕಬ್ಬಿಣ, 32 ಪಿಪಿಎಂ ಜಿಂಕ್ ಇರಲೇಬೇಕು ಅಂತ ಗೆರೆ ಎಳೆದರು. ರೈತನಿಗೆ ಉಪದೇಶ ಇಲ್ಲ, ಗ್ರಾಹಕನಿಗೆ ಹೊಸ ಲೇಬಲ್ ಇಲ್ಲ, ಮಾರುಕಟ್ಟೆಯಲ್ಲಿ ಬೇರೆ ದರ ಇಲ್ಲ. ಭಾರವೆಲ್ಲ ತಳಿ ಮಾಡುವವರ ಹೆಗಲಿಗೆ. ಭತ್ತಕ್ಕೂ ಗೋಧಿಗೂ ರಾಗಿಗೂ ಇಂಥದ್ದೇ ಗೆರೆ ಬೇಕು ಅನ್ನೋದು ನನ್ನ ವಾದ. ಕೊಪ್ಪಳದ ಹೊಲದಲ್ಲಿ ಬಿತ್ತುವವರಿಗೆ ಈ 42ರ ಸುದ್ದಿ ತಲುಪದಿದ್ದರೂ ನಡೆಯುತ್ತದೆ. ಹೊಸ ಹೈಬ್ರಿಡ್ಡಿನ ತೆನೆ ಮೊಳದುದ್ದ ಇದ್ದರೂ ಯಂತ್ರದ ಪರದೆ 39 ಅಂತ ತೋರಿಸಿದರೆ, ಆ ಬೀಜ ಈ ಯೋಜನೆಯಿಂದ ಬಿಡುಗಡೆಯಾಗೋದೇ ಇಲ್ಲ.